ಸಾಕ್ಷಿ ನಮ್ಮವರೇ ಆದಾಗ: ಹಲ್ಲೆ ಕಂಡ ಪೊಲೀಸರ ಹೇಳಿಕೆ ಪಡೆಯುವುದು ಹೇಗೆ

ನಾನು ಇನ್ಸ್‌ಪೆಕ್ಟರ್ ಆಗಿ ನಿವೃತ್ತಿಯಾದವಳು. ಈಗಲೂ ಹೊಸ ಪಿಎಸ್‌ಐಗಳು ಫೋನ್ ಮಾಡುತ್ತಿರುತ್ತಾರೆ. “ಮೇಡಂ, ನಮ್ಮ ಕಾನ್‌ಸ್ಟೆಬಲ್ ಕಣ್ಣೆದುರೇ ಮಚ್ಚು ಬೀಸಿದ್ದಾರೆ. ಅವನೇ ಪ್ರತ್ಯಕ್ಷ ಸಾಕ್ಷಿ. ಹೇಳಿಕೆ ಬರೆದುಬಿಟ್ಟಿದ್ದೀನಿ, ಸಾಕಲ್ವಾ?” ಬರೆದುಬಿಟ್ಟಿದ್ದೀನಿ ಅಂದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಅವನು ಹೇಳಿದ್ದನ್ನು ಬರೆದ್ರೋ, ಇಲ್ಲ ನಿಮಗೆ ಬೇಕಾದ್ದನ್ನು ಬರೆದ್ರೋ ಅಂತ ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಹಲ್ಲೆ ಕಂಡವರು ಅಂಗಡಿಯವರೋ, ದಾರಿಹೋಕರೋ ಆಗಿದ್ದರೆ ನಾವು ಸ್ವಲ್ಪ ಜೋಪಾನ ಮಾಡುತ್ತೇವೆ. ಕೂರಿಸಿ ನೀರು ಕೊಟ್ಟು, ಹೆದರಬೇಡಿ ಅನ್ನುತ್ತೇವೆ. ಕಂಡವರು ನಮ್ಮ ಇಲಾಖೆಯವರೇ ಆದರೆ ಹತ್ತೇ ನಿಮಿಷದ ಕೆಲಸ. ಸ್ಟೇಷನ್ ರೈಟರ್ ಹಳೇ ಹೇಳಿಕೆಯ ಫೈಲ್ ತೆಗೆದು ಹೆಸರು, ತಾರೀಕು ಬದಲಾಯಿಸುತ್ತಾರೆ, ಮುಗೀತು. ಪೊಲೀಸ್ ಅಂದಮೇಲೆ ಎಲ್ಲವನ್ನೂ ಸರಿಯಾಗಿಯೇ ನೋಡಿರುತ್ತಾನೆ, ಹೆದರಿರುವುದಿಲ್ಲ ಅನ್ನುವುದು ನಮ್ಮ ನಂಬಿಕೆ. ಎರಡೂ ಸುಳ್ಳು.

ನಾನು ಹೇಳಬೇಕಾಗಿರುವುದು ಒಂದೇ. ಪೊಲೀಸ್ ಸಾಕ್ಷಿಯ ತಲೆಯಲ್ಲಿ ಕಂಡದ್ದೂ ಇರುತ್ತದೆ, ಆಮೇಲೆ ಗೊತ್ತಾದದ್ದೂ ಇರುತ್ತದೆ. ಸಂಜೆಯೊಳಗೆ ಎರಡೂ ಕಲೆತುಹೋಗುತ್ತವೆ. ಬೇರೆ ಸಾಕ್ಷಿಗಳಿಗಿಂತ ಅವನಲ್ಲಿ ಇದು ಬೇಗ ಆಗುತ್ತದೆ. ಯಾಕೆಂದರೆ ವೈರ್‌ಲೆಸ್, ಎಫ್‌ಐಆರ್, ಆಸ್ಪತ್ರೆಯ ಸುದ್ದಿ, ಆರೋಪಿಯ ಹಳೇ ರೌಡಿ ಶೀಟು ಎಲ್ಲವೂ ಅವನ ಕಿವಿಗೆ ಬೀಳುತ್ತಿರುತ್ತದೆ. ಎರಡನ್ನೂ ಬೇರೆ ಮಾಡಿ ಬರೆದುಕೊಳ್ಳುವುದೇ ಹೇಳಿಕೆ ಪಡೆಯುವವರ ಕೆಲಸ.

ಪಕ್ಕದಲ್ಲೇ ಇದ್ದರೂ ಕಾಣದೇ ಇರಬಹುದು

1995ರ ಜನವರಿ 25ರ ನಸುಕಿನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪೊಲೀಸರು ಕೆಲವರನ್ನು ಬೆನ್ನಟ್ಟಿದ್ದರು. ಮೈಕೆಲ್ ಕಾಕ್ಸ್ ಅನ್ನುವ ಪೊಲೀಸ್ ಅಧಿಕಾರಿ ಮಫ್ತಿಯಲ್ಲಿದ್ದರು. ಅವರನ್ನೇ ಆರೋಪಿ ಅಂದುಕೊಂಡು ಅವರ ಸಹೋದ್ಯೋಗಿಗಳೇ ಬಿದ್ದು ಹೊಡೆದರು. ಅದೇ ಜಾಗದಲ್ಲಿ ಕೆನ್ನೆತ್ ಕಾನ್ಲಿ ಅನ್ನುವ ಇನ್ನೊಬ್ಬ ಅಧಿಕಾರಿ ನಿಜವಾದ ಆರೋಪಿಯ ಹಿಂದೆ ಓಡಿ, ಬೇಲಿ ಹಾರಿ ಹಿಡಿದರು. ವಿಚಾರಣೆಯಲ್ಲಿ ಕಾನ್ಲಿ, “ಹೊಡೆಯುತ್ತಿದ್ದದ್ದು ನನಗೆ ಕಾಣಲಿಲ್ಲ” ಅಂದರು. ಯಾರೂ ನಂಬಲಿಲ್ಲ. 1998ರಲ್ಲಿ ಸುಳ್ಳು ಸಾಕ್ಷಿಗೆ ಅವರಿಗೆ 34 ತಿಂಗಳ ಶಿಕ್ಷೆಯಾಯಿತು. ಪ್ರಾಸಿಕ್ಯೂಷನ್‌ನವರು ಒಂದು ದಾಖಲೆಯನ್ನು ಡಿಫೆನ್ಸ್‌ಗೆ ಕೊಟ್ಟಿರಲಿಲ್ಲ ಅನ್ನುವ ಕಾರಣಕ್ಕೆ 2005ರಲ್ಲಿ ಆ ತೀರ್ಪು ಬಿದ್ದುಹೋಯಿತು.

ಕ್ರಿಸ್ಟೋಫರ್ ಶಾಬ್ರಿ, ಡೇನಿಯಲ್ ಸೈಮನ್ಸ್ ಅನ್ನುವ ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಒಬ್ಬನ ಹಿಂದೆ ಓಡುತ್ತಾ, ಅವನು ಎಷ್ಟು ಸಲ ತಲೆ ಮುಟ್ಟಿಕೊಂಡ ಅಂತ ಎಣಿಸಲು ಜನರಿಗೆ ಹೇಳಿದರು. ದಾರಿ ಪಕ್ಕದಲ್ಲಿ ಒಂದು ಹೊಡೆದಾಟದ ನಾಟಕ ಆಡಿಸಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರಾತ್ರಿ ಹೊತ್ತು ಅದನ್ನು ಕಂಡವರು ಶೇ. 35 ಮಾತ್ರ. ಹಾಡಹಗಲಲ್ಲೂ ಶೇ. 56.

ನಿಮ್ಮ ಕಾನ್‌ಸ್ಟೆಬಲ್ “ನೋಡಿಲ್ಲ ಸರ್” ಅಂದರೆ ಸುಳ್ಳು ಹೇಳುತ್ತಿದ್ದಾನೆ ಅಂತ ಹಾರಿ ಬೀಳಬೇಡಿ. “ಅಲ್ಲೇ ನಿಂತಿದ್ದೆಯಲ್ಲಪ್ಪಾ, ಹೇಗೆ ಕಾಣಲಿಲ್ಲ?” ಅಂತ ಮೇಲಧಿಕಾರಿ ಕೇಳಿದರೆ ಅವನು ಕಂಡೆ ಅಂದುಬಿಡುತ್ತಾನೆ. ಆ “ಕಂಡೆ” ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಗುಂಡಿನ ಚಕಮಕಿಯಲ್ಲಿದ್ದ 157 ಪೊಲೀಸರನ್ನು ಅಲೆಕ್ಸಿಸ್ ಆರ್ಟ್‌ವೋಲ್ ಅನ್ನುವ ಮನಃಶಾಸ್ತ್ರಜ್ಞೆ ಕೇಳಿ ನೋಡಿದ್ದರು. ಶೇ. 84 ಮಂದಿಗೆ ಶಬ್ದ ಸರಿಯಾಗಿ ಕೇಳಿಸಿರಲಿಲ್ಲ. ಶೇ. 62 ಮಂದಿಗೆ ಎಲ್ಲವೂ ನಿಧಾನಕ್ಕೆ ನಡೆದಂತೆ ಅನಿಸಿತ್ತು. ಶೇ. 52 ಮಂದಿಗೆ ಘಟನೆಯ ಒಂದಿಷ್ಟು ಭಾಗವೇ ನೆನಪಿರಲಿಲ್ಲ. ಹಾಗಾಗಿ “ಎಷ್ಟು ಸೆಕೆಂಡ್ ಆಯ್ತು?”, “ಎಷ್ಟು ಗುಂಡಿನ ಶಬ್ದ ಕೇಳಿಸಿತು?” ಅನ್ನುವ ಪ್ರಶ್ನೆಗಳಿಗೆ ಬರುವ ಉತ್ತರವನ್ನು ಅಂದಾಜು ಅಂತಲೇ ಬರೆಯಿರಿ. ಸಮಯಕ್ಕೆ 112ರ ಕರೆ, ಕಂಟ್ರೋಲ್ ರೂಮಿನ ದಾಖಲೆ, ಸಿಸಿಟಿವಿ ಇವೆ.

ಮೊದಲ ಒಂದು ಗಂಟೆ

ಸ್ಥಳಕ್ಕೆ ಹೋದ ಕೂಡಲೇ ಅವರಿಂದ ಬೇಕಾದದ್ದು ಐದೇ ಮಾತು. ಯಾರಿಗೆ ಗಾಯ ಆಗಿದೆ? ಹೊಡೆದವರು ಯಾವ ಕಡೆ ಹೋದರು? ಎಷ್ಟು ಜನ, ಹೇಗಿದ್ದರು? ಕೈಯಲ್ಲಿ ಏನಿತ್ತು? ಈಗಲೇ ಕಾಪಾಡಬೇಕಾದ ಸಾಕ್ಷ್ಯ ಎಲ್ಲಿದೆ? ಅಷ್ಟು ಕೇಳಿ ಟೈಮ್ ಗುರುತು ಹಾಕಿಕೊಂಡು ಬಿಟ್ಟುಬಿಡಿ. ಅವತ್ತು ಬಂದ ಪ್ರತಿ ಸಾಹೇಬರೂ ಅವನನ್ನು ಕರೆಸಿ “ಏನಾಯ್ತು ಹೇಳು” ಅಂತ ಕೇಳುವುದು ನಮ್ಮಲ್ಲಿ ಮಾಮೂಲು. ಸಿಪಿಐ, ಡಿವೈಎಸ್ಪಿ, ಅಡಿಷನಲ್ ಎಸ್ಪಿ, ಆಮೇಲೆ ಎಸ್ಪಿ. ಒಂದೊಂದು ಸಲ ಹೇಳುವಾಗಲೂ ಕಥೆ ಒಂದು ಚೂರು ನಯವಾಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ. ಸಾಹೇಬರಿಗೆ ನೀವೇ ಬ್ರೀಫ್ ಮಾಡಿ. ಅವನನ್ನು ಕರೆಸಬೇಡಿ.

ಇಬ್ಬರು, ಮೂವರು ಸಿಬ್ಬಂದಿ ಕಂಡಿದ್ದರೆ ಒಂದೇ ಜೀಪಿನಲ್ಲಿ ಠಾಣೆಗೆ ಕಳಿಸಬೇಡಿ. 2003ರ ಸೆಪ್ಟೆಂಬರ್ 10ರಂದು ಸ್ವೀಡನ್ನಿನ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಅವರಿಗೆ ಸ್ಟಾಕ್‌ಹೋಮ್‌ನ ಒಂದು ಅಂಗಡಿ ಮಳಿಗೆಯಲ್ಲಿ ಚಾಕು ಹಾಕಿದರು. ಮರುದಿನ ಅವರು ತೀರಿಕೊಂಡರು. ಸಾಕ್ಷಿಗಳು ಹೊರಟುಹೋಗದಿರಲಿ ಅಂತ ಪೊಲೀಸರು ಅವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಅಲ್ಲಿ ಒಬ್ಬರು, ಹೊಡೆದವನು ಮಿಲಿಟರಿ ಬಣ್ಣದ ಜಾಕೆಟ್ ಹಾಕಿದ್ದ ಅಂದರು. ಆಮೇಲೆ ಹಲವರ ಹೇಳಿಕೆಯಲ್ಲಿ ಆ ಜಾಕೆಟ್ ಬಂತು. ಪೊಲೀಸರೂ ಅದನ್ನೇ ಹುಡುಕಿದರು. ಕ್ಯಾಮೆರಾದಲ್ಲಿ ನೋಡಿದರೆ ಅವನು ಹಾಕಿದ್ದು ಬೂದು ಬಣ್ಣದ ಸ್ವೆಟ್‌ಶರ್ಟ್. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಸುಮ್ನೆ ಮಾತಾಡಿಕೊಂಡಿದ್ದರು, ಅಷ್ಟೇ.

ನಮ್ಮ ಕಾಲದಲ್ಲಿ ಆ ಕೋಣೆ ಮೊಬೈಲಿನೊಳಗೇ ಇದೆ. ಠಾಣೆಯ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಗಂಟೆಯಲ್ಲಿ ವಿಡಿಯೊ ಬಂದಿರುತ್ತದೆ. ಹೇಳಿಕೆ ಆಗುವವರೆಗೆ ನೋಡಬೇಡಿ ಅಂತ ಹೇಳಿ. ಆಗಲೇ ನೋಡಿದ್ದರೆ ಬೈಯಬೇಡಿ. ಯಾವ ವಿಡಿಯೊ, ಯಾವಾಗ ನೋಡಿದರು ಅನ್ನುವುದನ್ನು ಹೇಳಿಕೆಯಲ್ಲೇ ಸೇರಿಸಿ. ಸಿಸಿಟಿವಿ ಮೊದಲು ತೋರಿಸಿ ಆಮೇಲೆ ಹೇಳಿಕೆ ತೆಗೆದರೆ ಎಲ್ಲಾ ಹೊಂದುತ್ತದೆ ಅನ್ನುವವರಿದ್ದಾರೆ. ಹೊಂದುತ್ತದೆ ನಿಜ, ಆದರೆ ಅದು ಕ್ಯಾಮೆರಾದ ಹೇಳಿಕೆ. ಮೊದಲು ಅವನ ನೆನಪು ಬರಲಿ. ವಿಡಿಯೊ ತೋರಿಸಿದ ಮೇಲೆ ಬಂದ ಮಾತನ್ನು ಬೇರೆಯಾಗಿ ಬರೆಯಿರಿ.

ಇನ್ನು ಬಟ್ಟೆ. ರಕ್ತವಾದ ಯೂನಿಫಾರ್ಮ್ ಜಪ್ತಿ ಆಗಲೇಬೇಕು. ಆದರೆ ಪಂಚರ ಮುಂದೆ ನಿಲ್ಲಿಸಿ ಬಿಚ್ಚಿಸಿದರೆ, ತನ್ನನ್ನೂ ಆರೋಪಿ ಮಾಡಿದರು ಅನಿಸುತ್ತದೆ. ಮೊದಲು ಮನೆಯಿಂದ ಪ್ಯಾಂಟು ಶರಟು ತರಿಸಿ. ಯಾಕೆ ತೆಗೆದುಕೊಳ್ಳುತ್ತಿದ್ದೀವಿ, ಎಲ್ಲಿಗೆ ಕಳಿಸುತ್ತೀವಿ ಅಂತ ಒಂದು ಮಾತು ಹೇಳಿ. ಮನೆಗೂ ಅವರ ಕೈಯಿಂದಲೇ ಫೋನ್ ಮಾಡಿಸಿ. ಟಿವಿ ನೋಡಿ ಹೆಂಡತಿ ಮಕ್ಕಳು ಗಾಬರಿಯಾಗಿರುತ್ತಾರೆ.

ನಿದ್ದೆ ಮತ್ತು ಕಾನೂನು

ಪೂರ್ತಿ ಹೇಳಿಕೆಗೆ ಒಂದು ರಾತ್ರಿ ನಿದ್ದೆ ಬೇಕು. ಅಮೆರಿಕದ ಹಲವು ಇಲಾಖೆಗಳಲ್ಲಿ ಗುಂಡಿನ ಘಟನೆಯಲ್ಲಿದ್ದ ಸಿಬ್ಬಂದಿಗೆ 48ರಿಂದ 72 ಗಂಟೆ ಬಿಡುವ ಪದ್ಧತಿ ಇದೆ. ನಮ್ಮಲ್ಲಿ ಅಷ್ಟು ಬಿಟ್ಟರೆ, ತಡ ಮಾಡಿ ಕಥೆ ಕಟ್ಟಿದರು ಅಂತ ಡಿಫೆನ್ಸ್ ವಕೀಲರು ಹಿಡಿದುಕೊಳ್ಳುತ್ತಾರೆ. ತಡವಾದಷ್ಟೂ ನೆನಪೂ ಕರಗುತ್ತದೆ, ಹೊರಗಿನ ಸುದ್ದಿಯೂ ಸೇರುತ್ತದೆ. ನನ್ನ ಲೆಕ್ಕ ಹೀಗಿದೆ. ಎಫ್‌ಐಆರ್‌ಗೆ ಬೇಕಾದ ನಾಲ್ಕು ಸಾಲು ಅವತ್ತೇ ತೆಗೆದುಕೊಳ್ಳಿ. ಎಫ್‌ಐಆರ್‌ನಲ್ಲಿ ಎಲ್ಲಾ ವಿವರ ಇರಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 180ರ ಕೆಳಗಿನ ವಿವರವಾದ ಹೇಳಿಕೆಯನ್ನು, ಅಂದರೆ ಹಳೇ ಸಿಆರ್‌ಪಿಸಿ 161ರ ಹೇಳಿಕೆಯನ್ನು, ಮರುದಿನ ಮಲಗಿ ಎದ್ದ ಮೇಲೆ ಪಡೆಯಿರಿ. ಯಾಕೆ ಮರುದಿನ ಅಂತ ಕೇಸ್ ಡೈರಿಯಲ್ಲಿ ಒಂದು ಸಾಲು ಬರೆದಿಡಿ. ಆಸ್ಪತ್ರೆಯಲ್ಲಿದ್ದರೆ, ಹೇಳಿಕೆ ಕೊಡಲು ಶಕ್ತರಿದ್ದಾರೆ ಅಂತ ಡಾಕ್ಟರ್ ಕೈಲಿ ಬರೆಸಿಕೊಳ್ಳಿ.

ಆ ರಾತ್ರಿ ಸ್ನೇಹಿತರು ‘ಟೆನ್ಷನ್ ಬಿಡು’ ಅಂತ ಬಾಟಲಿ ತರುತ್ತಾರೆ. ಬೇಡ ಅಂತ ಮೊದಲೇ ಹೇಳಿ. ಕುಡಿದು ಮಲಗಿದ್ದು ನಿದ್ದೆಯಲ್ಲ. ಜೊತೆಗೆ, ಬಾಟಲಿ ಮುಂದಿಟ್ಟುಕೊಂಡು ಕೂತಾಗಲೇ ಕಥೆ ಜಾಸ್ತಿ ಬೆರೆಯುವುದು.

ಸಾಕ್ಷಿಯೇ ಗುಂಡು ಹಾರಿಸಿದ್ದರೆ, ಅದರಲ್ಲೂ ಯಾರಾದರೂ ಸತ್ತಿದ್ದರೆ, ಇಲ್ಲಿಗೆ ನಿಲ್ಲಿಸಿ. ಅದು ಬೇರೆಯೇ ದಾರಿ. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯ ಕೇಸಿನ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ನಿಯಮ ಮಾಡಿದೆ. ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು. ಅಂಥವರನ್ನು ಸಾಕ್ಷಿ ಅಂತ ಕೂರಿಸಿಕೊಂಡು ಮಾತು ತೆಗೆಯುವುದು ಅವರಿಗೂ ಅನ್ಯಾಯ, ಕೇಸಿಗೂ ಹಾನಿ.

ಕೂರಿಸುವುದು

ಇನ್ಸ್‌ಪೆಕ್ಟರ್ ಚೇಂಬರ್ ಬೇಡ. ಅಲ್ಲಿ ವೈರ್‌ಲೆಸ್ ಕೂಗುತ್ತಿರುತ್ತದೆ, ಜನ ಬಂದು ಸೆಲ್ಯೂಟ್ ಹೊಡೆದು ಹೋಗುತ್ತಿರುತ್ತಾರೆ. ರೈಟರ್ ಟೇಬಲ್ ಅಂತೂ ಬೇಡವೇ ಬೇಡ. ಕ್ವಾರ್ಟರ್ಸ್‌ನ ಅವರ ಮನೆಯ ಜಗುಲಿ ಆದೀತು, ಮಹಿಳಾ ಸಹಾಯವಾಣಿಯ ಕೋಣೆ ಖಾಲಿ ಇದ್ದರೆ ಅದೂ ಆದೀತು. ನಾನು ಹೇಳಿಕೆ ಪಡೆಯುವಾಗ ಕ್ಯಾಪ್ ತೆಗೆದಿಟ್ಟು, ಎದುರಿಗಲ್ಲ, ಮೂಲೆಗೆ ಕುರ್ಚಿ ಹಾಕಿಕೊಳ್ಳುತ್ತಿದ್ದೆ.

ಯಾರು ಕೇಳಬೇಕು ಅನ್ನುವುದು ಇನ್ನೂ ಮುಖ್ಯ. ಸ್ಥಳದಲ್ಲಿದ್ದ ಅಧಿಕಾರಿ ಬೇಡ. ಅವರ ರಜೆ, ಎಸಿಆರ್ (ವರ್ಷದ ಗೌಪ್ಯ ವರದಿ) ಬರೆಯುವವರೂ ಆದಷ್ಟು ಬೇಡ. ದೂರು ಕೊಟ್ಟ ಪೊಲೀಸರೇ ತನಿಖೆ ಮಾಡಿದರು ಅನ್ನುವ ಒಂದೇ ಕಾರಣಕ್ಕೆ ಕೇಸ್ ಬೀಳುವುದಿಲ್ಲ ಅಂತ 2020ರ ಮುಕೇಶ್ ಸಿಂಗ್ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಬೀಳುವುದಿಲ್ಲ ಅಂದಮಾತ್ರಕ್ಕೆ ಹಾಗೇ ಮಾಡಬೇಕು ಅಂತೇನಿಲ್ಲವಲ್ಲ. ಪಕ್ಕದ ಠಾಣೆಯ ಪಿಎಸ್‌ಐ ಒಬ್ಬರನ್ನು ಕೇಳಿಕೊಳ್ಳಿ.

ನಮ್ಮ ಶಿಸ್ತು ಇಲ್ಲಿ ಉಲ್ಟಾ ಹೊಡೆಯುತ್ತದೆ. ಕಾನ್‌ಸ್ಟೆಬಲ್‌ಗೆ ಟ್ರೇನಿಂಗ್ ಶುರುವಾದ ದಿನದಿಂದ “ಯಸ್ ಸರ್” ಕಲಿಸಿರುತ್ತೇವೆ. “ಮಚ್ಚು ಬಲಗೈಲಿತ್ತು ಅಲ್ವಾ?” ಅಂದರೆ “ಹೌದು ಸರ್”. “ಎಡಗೈಲೇನೋ?” ಅಂದರೆ ಅದಕ್ಕೂ “ಹೌದು ಸರ್”. ಹೊರಗಿನ ಸಾಕ್ಷಿ ಒಮ್ಮೊಮ್ಮೆ ಜಗಳವಾದರೂ ಆಡುತ್ತಾನೆ. ನಮ್ಮವನು ಆಡುವುದಿಲ್ಲ. ಹಾಗಾಗಿ ಮಾತು ಶುರುವಾಗುವ ಮೊದಲೇ ಬಿಡಿಸಿ ಹೇಳಬೇಕು. ನಾನು ಹೇಳುತ್ತಿದ್ದದ್ದು ಹೀಗೆ:

“ನಾನು ಅಲ್ಲಿರಲಿಲ್ಲ. ನನಗೇನೂ ಗೊತ್ತಿಲ್ಲ ಅಂತ ತಿಳ್ಕೊಳ್ಳಿ. ಗೊತ್ತಿಲ್ಲ, ನೆನಪಿಲ್ಲ ಅನ್ನೋದು ಇಲ್ಲಿ ಒಳ್ಳೇ ಉತ್ತರ. ನಾನು ತಪ್ಪಾಗಿ ಕೇಳಿದ್ರೆ, ಹಾಗಲ್ಲ ಮೇಡಂ ಅನ್ನಿ. ಅಂದ್ರೆ ನನಗೆ ಖುಷಿನೇ. ಕಂಡದ್ದು ಬೇರೆ, ಆಮೇಲೆ ಯಾರೋ ಹೇಳಿದ್ದು ಬೇರೆ. ಎರಡೂ ಹೇಳಿ, ಯಾವುದು ಯಾವುದು ಅಂತ ಮಾತ್ರ ಬಿಡಿಸಿ ಹೇಳಿ.”

ಇಲಾಖಾ ವಿಚಾರಣೆ ಆಗುವ ಹಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. “ನಿಮಗೇನೂ ಆಗಲ್ಲ ಬಿಡಿ” ಅಂತ ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ.

ಕೇಳುವುದಕ್ಕಿಂತ ಬಿಡುವುದು ಜಾಸ್ತಿ

ಇದಕ್ಕೆ ಒಂದು ಪದ್ಧತಿ ಇದೆ. ರೊನಾಲ್ಡ್ ಫಿಶರ್, ಎಡ್ವರ್ಡ್ ಗೈಸಲ್‌ಮನ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ಕಟ್ಟಿದ ಕಾಗ್ನಿಟಿವ್ ಇಂಟರ್‌ವ್ಯೂ. ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರು 1990ರ ದಶಕದಿಂದ ಬಳಸುತ್ತಿರುವ, ವಿಚಾರಿಸುವ ಕ್ರಮವಾದ ಪೀಸ್ (PEACE) ಮಾದರಿಯಲ್ಲೂ ಅದು ಸೇರಿಕೊಂಡಿದೆ. ಹೆಸರು ದೊಡ್ಡದು, ಕೆಲಸ ಸರಳ. ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ ಕರೆದೊಯ್ಯುವುದು. ಸಣ್ಣದು ದೊಡ್ಡದು ಅಂತ ನೋಡದೆ ನೆನಪಾದದ್ದೆಲ್ಲಾ ಹೇಳಿ ಅನ್ನುವುದು. ಆಮೇಲೆ ಕೊನೆಯಿಂದ ಮೊದಲಿಗೆ ಹೇಳಿಸುವುದು. ಇನ್ನೊಬ್ಬರು ನಿಂತ ಕಡೆಯಿಂದ ನೋಡಿದ ಹಾಗೆ ಹೇಳಿಸುವುದೂ ಅದರಲ್ಲಿದೆ. ಅದನ್ನು ನಾನು ಬಿಟ್ಟುಬಿಡುತ್ತೇನೆ. ನಮ್ಮವರು ಆಗ ಊಹೆ ಹೇಳಲು ಶುರು ಮಾಡುತ್ತಾರೆ.

ಒಂದು ನಿಜವಾದ ಹೇಳಿಕೆ ಹೇಗೆ ಬಿಚ್ಚಿಕೊಳ್ಳುತ್ತದೆ ಅಂತ ತೋರಿಸುತ್ತೇನೆ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರು, ಸಂತೆ ದಿನ. ಬಂದೋಬಸ್ತ್‌ನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಮುಂದೆಯೇ ಒಬ್ಬನ ತಲೆಗೆ ಮಚ್ಚು ಬಿತ್ತು. ನಾನು ಹೋಗುವಷ್ಟರಲ್ಲಿ ರೈಟರ್ ಒಂದು ಕರಡು ಟೈಪ್ ಮಾಡಿಟ್ಟಿದ್ದರು: “ನಾನು ಸಂತೆ ಬಂದೋಬಸ್ತ್ ಕರ್ತವ್ಯದಲ್ಲಿರುವಾಗ್ಗೆ ಆರೋಪಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು, ಕೊಲೆ ಮಾಡುವ ಉದ್ದೇಶದಿಂದ ಮಚ್ಚಿನಿಂದ ತಲೆಗೆ ಮೂರು ಬಾರಿ ಹೊಡೆದು ರಕ್ತಗಾಯಪಡಿಸಿದ್ದು, ಸದರಿಯವನನ್ನು ಹಿಡಿಯಲು ಹೋದಾಗ ಓಡಿ ಹೋಗಿರುತ್ತಾನೆ.” ಯಾವ ಠಾಣೆಯಲ್ಲಿ ಹುಡುಕಿದರೂ ಈ ಸಾಲುಗಳು ಸಿಗುತ್ತವೆ.

ಅದನ್ನು ಪಕ್ಕಕ್ಕಿಟ್ಟು ಹೆಡ್ ಕಾನ್‌ಸ್ಟೆಬಲ್ ಜೊತೆ ಕೂತೆ. “ನಿಮ್ಮನ್ನ ಪಾಯಿಂಟ್‌ಗೆ ಬಿಟ್ಟಲ್ಲಿಂದ ಹೇಳಿ. ಎಲ್ಲಿ ನಿಂತಿದ್ರಿ, ಬಿಸಿಲು ಯಾವ ಕಡೆ ಇತ್ತು, ಪಕ್ಕದಲ್ಲಿ ಯಾರ ಅಂಗಡಿ. ಅವಸರ ಇಲ್ಲ.”

ಮೊದಲು ಕರ್ತವ್ಯದ ಭಾಷೆಯಲ್ಲೇ ಶುರು ಮಾಡಿದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ದನಿ ಬದಲಾಯಿತು.

“ಈರುಳ್ಳಿ ಅಂಗಡಿ ಪಕ್ಕ ಇದ್ದೆ ಮೇಡಂ. ಬೈದಾಟ ನಾನು ಕೇಳಿಲ್ಲ. ಮೊದ್ಲು ಕೇಳಿದ್ದು ತಕ್ಕಡಿ ಬಿದ್ದ ಶಬ್ದ. ತಿರುಗಿ ನೋಡಿದೆ. ಕೈ ಮೇಲೆತ್ತಿದ್ದ. ಮಚ್ಚಿನ ಹಿಡಿಗೆ ಹಸಿರು ಬಟ್ಟೆ ಸುತ್ತಿತ್ತು, ಟವೆಲ್ ತುಂಡು ಇದ್ದಂಗೆ. ಒಂದೇಟು ಬಿದ್ದದ್ದು ಕಂಡೆ.”

ಮತ್ತೆ ಮೌನ. “ಆಮೇಲೆ ಎಷ್ಟು ಏಟು?” ಅಂತ ಕೇಳಲು ನಾಲಿಗೆ ತುದಿಗೆ ಬಂದಿರುತ್ತದೆ. ಕೇಳಲಿಲ್ಲ.

“ಮಿಕ್ಕಿದ್ದು ಕಾಣಲಿಲ್ಲ ಮೇಡಂ. ನಾನು ಜನನ್ನ ತಳ್ಕೊಂಡು ಹೋಗ್ತಿದ್ದೆ. ನಾನು ಹೋಗೋ ಹೊತ್ತಿಗೆ ಅವನು ಬೆನ್ನು ತಿರುಗಿಸಿ ಓಡ್ತಿದ್ದ.”

“ಅವನು ಯಾರು ಅಂತ ಹೇಗೆ ಗೊತ್ತಾಯ್ತು?”

“ಜನ ಹೆಸರು ಹಿಡಿದು ಕೂಗಿದ್ರು.”

ಈ ಒಂದು ಉತ್ತರ ಬರದಿದ್ದರೆ, ಎರಡು ವರ್ಷ ಆದಮೇಲೆ ಕೋರ್ಟಿನಲ್ಲಿ ಬರುತ್ತಿತ್ತು, ಅದೂ ವಕೀಲರ ಬಾಯಿಂದ. ಕರಡಿನಲ್ಲಿ ‘ಆರೋಪಿಯು’ ಅಂತ ಮೊದಲ ಸಾಲಿನಲ್ಲೇ ಬರೆದಾಗಿತ್ತು. ಇವರು ಕಂಡದ್ದು ಎತ್ತಿದ ಕೈ, ಮುಖದ ಒಂದು ಪಕ್ಕ, ಓಡುವ ಬೆನ್ನು. ಆಯುಧ ಎದುರಿಗಿದ್ದಾಗ ಕಣ್ಣು ಅದಕ್ಕೇ ಅಂಟಿಕೊಳ್ಳುತ್ತದೆ, ಮುಖ ಅಷ್ಟು ಉಳಿಯುವುದಿಲ್ಲ. ಇದು ಎಲ್ಲರಿಗೂ ಆಗುವಂಥದ್ದು. ಹಾಗಾಗಿ ಇವರಿಂದಲೂ ಗುರುತಿಸುವ ಪೆರೇಡ್ ಮಾಡಿಸಿದೆವು. ಗಾಯದ ಸರ್ಟಿಫಿಕೇಟಿನಲ್ಲಿ ಮೂರು ಗಾಯ ಇತ್ತು, ಕರಡಿನ ಮೂರು ಏಟು ಬಂದದ್ದು ಅಲ್ಲಿಂದಲೇ. ನಾನು ಒಂದೇ ಅಂತ ಬರೆದೆ. ಹಿಡಿಯ ಮೇಲೆ ಬೆರಳಚ್ಚು ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಆ ಹಸಿರು ಬಟ್ಟೆಯೇ ಉತ್ತರ ಆಯಿತು. ಅದು ಕರಡಿನಲ್ಲಿ ಇರಲೇ ಇಲ್ಲ.

ಪಾಟಿ ಸವಾಲಿನಲ್ಲಿ ವಕೀಲರು “ಮೂರು ಏಟು ಹೊಡೆದದ್ದನ್ನು ನೀವು ನೋಡಿಲ್ಲ ಎಂದರೆ ಸರಿಯೇ?” ಅಂದರು. ಹೆಡ್ ಕಾನ್‌ಸ್ಟೆಬಲ್ “ಸರಿ. ಒಂದು ಕಂಡೆ” ಅಂದರು. ವಕೀಲರಿಗೆ ಹಿಡಿಯಲು ಏನೂ ಸಿಗಲಿಲ್ಲ.

ಕೊನೆಯಿಂದ ಹಿಂದಕ್ಕೆ ಹೇಳಿಸುವಾಗ “ಅದಕ್ಕೆ ಸ್ವಲ್ಪ ಮುಂಚೆ?” ಅನ್ನುವುದೊಂದೇ ಪ್ರಶ್ನೆ ಸಾಕು. ಒಂದು ಹಾಳೆ, ಪೆನ್ನು ಕೊಟ್ಟು ಜಾಗದ ಚಿತ್ರ ಬರೆಸಿ. ಬಾಯಲ್ಲಿ ಬರದ್ದು ಗೆರೆಯಲ್ಲಿ ಬರುತ್ತದೆ. ಆ ಹಾಳೆಯನ್ನು ಕೇಸ್ ಡೈರಿ ಜೊತೆ ಇಡಿ.

ಮೈ ಎಲ್ಲಿತ್ತು ಅಂತ ತಪ್ಪದೇ ಕೇಳಿ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಕಾಮಾ ಆಸ್ಪತ್ರೆ ಹತ್ತಿರ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಇದ್ದ ವಾಹನದ ಮೇಲೆ ಉಗ್ರರು ಗುಂಡು ಹಾರಿಸಿದರು. ಮೂವರೂ ಹೋದರು. ವಾಹನದ ಹಿಂಭಾಗದಲ್ಲಿ ಗಾಯಗೊಂಡು ಬಿದ್ದಿದ್ದ ಕಾನ್‌ಸ್ಟೆಬಲ್ ಅರುಣ್ ಜಾಧವ್ ಬದುಕಿ, ಮುಂದೆ ಕಸಬ್ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. ಹಾಗೆ ಬಿದ್ದ ಜಾಗದಿಂದ ಕಣ್ಣಿಗೆ ಸಿಗುವುದು ಒಂದಿಷ್ಟು, ಕಿವಿಗೆ ಸಿಗುವುದು ಇನ್ನೊಂದಿಷ್ಟು. ಕಂಡದ್ದನ್ನು ಕಂಡೆ ಅಂತಲೂ ಕೇಳಿಸಿದ್ದನ್ನು ಕೇಳಿಸಿತು ಅಂತಲೂ ಬರೆದರೆ ಹೇಳಿಕೆಗೆ ಬಲ ಬರುತ್ತದೆ.

ಪ್ರಶ್ನೆ ಕೇಳುವ ರೀತಿ

“ಎಷ್ಟು ಜನ ಅಟ್ಯಾಕ್ ಮಾಡಿದ್ರು?” ಅಂತ ಕೇಳುವ ಬದಲು “ಅಲ್ಲಿ ಯಾರ್ಯಾರಿದ್ರು, ಏನು ಮಾಡ್ತಿದ್ರು?” ಅನ್ನಿ. “ಲಾಂಗು ಎಷ್ಟುದ್ದ ಇತ್ತು?” ಬೇಡ, “ಕೈಯಲ್ಲಿ ಏನಾದ್ರೂ ಇತ್ತಾ?” ಸಾಕು. “ಯಾಕೆ ಹಿಡಿಯಲಿಲ್ಲ?” ಅಂತೂ ಕೇಳಲೇಬೇಡಿ. ಅದು ಪ್ರಶ್ನೆಯೇ ಅಲ್ಲ, ಮೆಮೊ. “ಆಗ ನೀವೇನು ಮಾಡಿದ್ರಿ?” ಅಂದರೆ ಅದೇ ಉತ್ತರ, ಗಾಯವಿಲ್ಲದೆ ಬರುತ್ತದೆ.

ಎಲಿಜಬೆತ್ ಲಾಫ್ಟಸ್ 1974ರಲ್ಲಿ ಕೆಲವರಿಗೆ ಕಾರು ಅಪಘಾತದ ಒಂದೇ ಫಿಲ್ಮ್ ತೋರಿಸಿ ಬೇರೆ ಬೇರೆ ಮಾತಿನಲ್ಲಿ ವೇಗ ಕೇಳಿದ್ದರು. ಕಾರುಗಳು ನುಜ್ಜುಗುಜ್ಜಾಗುವಂತೆ ಗುದ್ದಿದಾಗ ಅಂತ ಕೇಳಿದರೆ ಗಂಟೆಗೆ ಸರಾಸರಿ 41 ಮೈಲಿ ಹತ್ತಿರದ ಉತ್ತರ ಬಂತು, ಬರೀ ತಾಗಿದಾಗ ಅಂತ ಕೇಳಿದರೆ 32ರ ಹತ್ತಿರ. ಅದು ಆರಾಮಾಗಿ ಕೂತು ನೋಡಿದವರ ಪಾಡು. ರಕ್ತ ನೋಡಿ ಬಂದ, ಯಸ್ ಸರ್ ಅನ್ನಲು ಕಲಿತ ಮನುಷ್ಯನ ಮುಂದೆ ನೀವು ಆಡುವ ಪ್ರತಿ ಮಾತನ್ನೂ ಅಳೆದು ಆಡಬೇಕು.

ಮಾತಿನ ನಡುವೆ ಟೈಪ್ ಮಾಡಬೇಡಿ. 180ರಲ್ಲೇ ಆಡಿಯೊ ವಿಡಿಯೊ ಮಾಡಲು ಅವಕಾಶ ಇದೆ. ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಬರೆಯಿರಿ. ಬರೆಯುವಾಗ ಅವರ ಮಾತು ಅವರ ಮಾತಾಗಿಯೇ ಇರಲಿ. ‘ಕೊಲೆ ಮಾಡುವ ಉದ್ದೇಶದಿಂದ’ ಅನ್ನುವುದು ಬಿಎನ್‌ಎಸ್ 109ಕ್ಕೆ, ಅಂದರೆ ಕೊಲೆ ಯತ್ನದ ಕಲಮಿಗೆ, ಬೇಕು ಅಂತ ಸಾಕ್ಷಿಯ ಬಾಯಿಗೆ ತುರುಕಬೇಡಿ. ಎಲ್ಲಿಗೆ ಹೊಡೆದ, ಏನು ಕೂಗಿದ, ಯಾವುದರಲ್ಲಿ ಹೊಡೆದ ಅನ್ನುವುದರಿಂದ ಉದ್ದೇಶವನ್ನು ಕೋರ್ಟು ತಾನೇ ತಿಳಿದುಕೊಳ್ಳುತ್ತದೆ. ಐದು ಜನ ಸಿಬ್ಬಂದಿಯ ಹೇಳಿಕೆ ಅಲ್ಪವಿರಾಮ ಸಮೇತ ಒಂದೇ ಥರ ಇದ್ದರೆ ಅದು ಐದು ಸಾಕ್ಷಿಯಲ್ಲ, ಒಂದು ಪ್ರಿಂಟು.

ಮಾತು ತಡೆದು ನಿಂತಾಗ

ಕೈ ನಡುಗುತ್ತದೆ, ಬೆವರುತ್ತಾರೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಆಗ ಘಟನೆ ಅವರಿಗೆ ನೆನಪಾಗುತ್ತಿಲ್ಲ, ಮತ್ತೆ ನಡೆಯುತ್ತಿದೆ. ಕಣ್ಣು ಮುಚ್ಚಿ ಇನ್ನೂ ನೆನಪಿಸಿಕೊಳ್ಳಿ ಅನ್ನಬೇಡಿ. ನಿಲ್ಲಿಸಿ. ಪಾದ ನೆಲಕ್ಕೆ ಊರಲು ಹೇಳಿ, ನೀರು ಕೊಡಿ, ಇವತ್ತು ಯಾವ ವಾರ, ಮಗಳ ಕಾಲೇಜು ಎಲ್ಲಿ ಅಂತ ಈಗಿನ ಮಾತಾಡಿಸಿ. ಅಗತ್ಯ ಬಿದ್ದರೆ ನಾಳೆಗೆ ಇಡಿ. ಅತ್ತರೆ ಅಳಲಿ, ಬೇರೆಯವರು ಬಾಗಿಲು ತೆಗೆಯದಂತೆ ನೋಡಿಕೊಳ್ಳಿ. ನಗುತ್ತಾ ಹೇಳುವವರೂ ಇದ್ದಾರೆ. ಅವರಿಗೇನೂ ಆಗಿಲ್ಲ ಅಂದುಕೊಳ್ಳಬೇಡಿ.

“ಒಂದು ಹೆಜ್ಜೆ ಮುಂಚೆ ಹೋಗಿದ್ರೆ ಬದುಕ್ತಿದ್ದ ಮೇಡಂ” ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ವಾದ ಬೇಡ, ಸಮಾಧಾನದ ಭಾಷಣವೂ ಬೇಡ. ಅದನ್ನು ಹೇಳಿಕೆಯಲ್ಲಿ ಸಂಗತಿ ಅಂತ ಬರೆಯಲೂ ಬೇಡಿ. ಕೇಳಿಸಿಕೊಳ್ಳಿ ಸಾಕು.

ಹೇಳಿಕೆಯೇ ಬೇರೆ, ಸಮಾಧಾನದ ಮಾತೇ ಬೇರೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ “ಮನಸ್ಸಿನಲ್ಲಿದ್ದದ್ದು ಹೇಳಿಬಿಡಿ” ಅನ್ನುವ ಸಭೆಯನ್ನು ಹೇಳಿಕೆಗೆ ಮೊದಲು ಮಾಡಿದರೆ ನೆನಪು ಬೆರೆಯುತ್ತದೆ. ಅಂಥ ಒಂದೇ ಸಲದ ಡಿಬ್ರೀಫಿಂಗ್‌ನಿಂದ ಮುಂದಿನ ಮಾನಸಿಕ ತೊಂದರೆ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂತ ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2002ರ ಕಾಕ್ರೇನ್ ಪರಿಶೀಲನೆ ಹೇಳಿತ್ತು. ಅದಕ್ಕಿಂತ ಎರಡು ದಿನ ರಜೆ ಕೊಡಿ, ಅದೇ ಪಾಯಿಂಟ್‌ಗೆ ಮರುದಿನವೇ ಹಾಕಬೇಡಿ. ಒಂದು ತಿಂಗಳು ಕಳೆದರೂ ನಿದ್ದೆಯಿಲ್ಲ, ಕನಸಿನಲ್ಲಿ ಅದೇ ಬರುತ್ತದೆ, ಆ ರಸ್ತೆಗೇ ಹೋಗುವುದಿಲ್ಲ ಅಂದರೆ ಡಾಕ್ಟರ್ ಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಫೋನ್ ಮಾಡಬಹುದು, ದುಡ್ಡಿಲ್ಲ. ಠಾಣೆಯಲ್ಲಿ ಗೊತ್ತಾಗುತ್ತೆ ಅನ್ನುವ ಅಂಜಿಕೆ ಇರುವವರಿಗೆ ಫೋನ್ ಒಳ್ಳೇದು.

ಮುಗಿಸುವುದು, ಆಮೇಲಿನದು

ಬರೆದದ್ದನ್ನು ಓದಿ ಹೇಳಿ. ತಿದ್ದಿದರೆ ತಿದ್ದಿಕೊಳ್ಳಿ. ಸಹಿ ಹಾಕಿಸಬೇಡಿ, ಬಿಎನ್‌ಎಸ್‌ಎಸ್ 181ರ ಪ್ರಕಾರ ಹಾಕಿಸುವಂತಿಲ್ಲ. ಪೊಲೀಸ್ ಹೇಳಿಕೆ ಅಂತ ಅಭ್ಯಾಸಬಲದಿಂದ ಹಾಕಿಸುವವರನ್ನು ನೋಡಿದ್ದೇನೆ. 10 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ 183ರ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ. ಅವರು ದಾಖಲಿಸಲೇಬೇಕು. ನಮ್ಮವನೇ ತಾನೆ, ಎಲ್ಲಿ ಹೋಗುತ್ತಾನೆ ಅಂತ ಅದನ್ನು ಬಿಡಬೇಡಿ.

ಆಮೇಲೆ ನೆನಪಾದದ್ದು ಇದ್ದರೆ ಫೋನ್ ಮಾಡಿ ಅಂತ ಹೇಳಿ ಕಳಿಸಿ. ಮಾಡಿದರೆ ಪುರವಣಿ ಹೇಳಿಕೆ ಪಡೆಯಿರಿ, ಯಾವಾಗ ಮತ್ತು ಹೇಗೆ ನೆನಪಾಯಿತು ಅನ್ನುವುದೂ ಅದರಲ್ಲಿರಲಿ. ಮುಖ್ಯವಾದದ್ದು ಹೇಳಿಕೆಯಲ್ಲಿ ಬಿಟ್ಟುಹೋಗಿ ಕೋರ್ಟಿನಲ್ಲಿ ಬಂದರೆ ಅದನ್ನೇ ವಿರೋಧಾಭಾಸ ಅಂತ ವಕೀಲರು ತೋರಿಸುತ್ತಾರೆ.

ಸಮನ್ಸ್ ಬರುವಷ್ಟರಲ್ಲಿ ಸಾಕ್ಷಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ. ಆ ಹೊತ್ತಿಗೆ ಮರೆತಂತಿದ್ದದ್ದು ಮತ್ತೆ ಏಳುತ್ತದೆ. ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಾ ಬಂದು ಸೀದಾ ಕಟಕಟೆ ಹತ್ತುವ ಹಾಗೆ ಮಾಡಬೇಡಿ. ಹಿಂದಿನ ದಿನವೇ ಬಿಡುವಂತೆ ಅವರ ಠಾಣೆಗೆ ನೀವೇ ಮಾತಾಡಿ. ಹೇಳಿಕೆ ಬಾಯಿಪಾಠ ಮಾಡಿಸಬೇಡಿ. ಆರೋಪಿ ಎಲ್ಲಿ ನಿಂತಿರುತ್ತಾನೆ, ಅವನ ಕಡೆಯವರು ಹೊರಗೆ ಎಲ್ಲಿ ಕೂತಿರುತ್ತಾರೆ ಅಂತ ಮೊದಲೇ ತಿಳಿಸಿ, ಒಬ್ಬ ಸಿಬ್ಬಂದಿಯನ್ನು ಜೊತೆಗೆ ಕೊಡಿ. ಕೇಸ್ ಮುಂದಕ್ಕೆ ಹೋದರೆ ಮುಂದಿನ ತಾರೀಕನ್ನು ಅಲ್ಲೇ ಬರೆದು ಕೈಗೆ ಕೊಟ್ಟು ಕಳಿಸಿ.